ಅಳತೆ ಬ್ಲೌಸ್ ಕೇಳದ ಕಾರು

ನಾನು ಐದಡಿಗೆ ಒಂದಿಂಚು ಕಡಿಮೆ ಇದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಳೆದ ಸುಗ್ಗಿಯಿಂದ ಬಂದವರು ಹೋದವರೆಲ್ಲ ನನಗೆ ಇದನ್ನೇ ಹೇಳುತ್ತಿದ್ದಾರೆ, ಅದೇನೋ ನಾನು ಬೇಕೆಂದೇ ಮಾಡಿದ ತಪ್ಪು ಎನ್ನುವ ಹಾಗೆ.

ಶಿಕಾರಿಪುರದಲ್ಲಿ ಮನೆ, ಸೊರಬದಲ್ಲಿ ಶಾಲೆ. ಒಂಬತ್ತು ವರ್ಷ ನಾನೇ ಕಾರು ಓಡಿಸಿಕೊಂಡು ಹೋಗಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಬಂದವಳು. ಅಪಘಾತವಾದ ದಿನ ನಮ್ಮ ಯಜಮಾನರೂ ಪಕ್ಕದಲ್ಲಿದ್ದರು. ಅವರಿಗೆ ಸೊರಬದ ತಾಲ್ಲೂಕು ಕಚೇರಿಯಲ್ಲಿ ಪಹಣಿಯ ಕೆಲಸವಿತ್ತು. ನಮ್ಮ ಕಡೆ ಮೆಕ್ಕೆಜೋಳ ಒಣಗಿಸುವುದು ಡಾಂಬರು ರಸ್ತೆಯ ಮೇಲೆಯೇ. ಅರ್ಧ ರಸ್ತೆಗೆ ಜೋಳ ಹರವಿ, ಗಾಡಿ ಹತ್ತದಿರಲಿ ಎಂದು ಅಂಚಿಗೆ ದಪ್ಪ ಕಲ್ಲು ಇಡುತ್ತಾರೆ. ತಿರುವಿನಲ್ಲಿ ಆ ಕಲ್ಲು ಕಂಡು ಸ್ಟಿಯರಿಂಗ್ ಎಳೆದೆ, ಕಾರು ಹೋಗಿ ಮೋರಿಯ ಕಟ್ಟೆಗೆ ಗುದ್ದಿತು. ಇಬ್ಬರೂ ಬೆಲ್ಟ್ ಹಾಕಿದ್ದೆವು. ಅವರು ಇಳಿದು ಪ್ಯಾಂಟ್ ಕೊಡವಿಕೊಂಡರು. ನನಗೆ ಬಲಗಾಲಿನ ಮೂಳೆ ಮುರಿದು, ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು.

ಆಸ್ಪತ್ರೆಗೆ ಬಂದವರ ಬಾಯಲ್ಲೆಲ್ಲ ಒಂದೇ ಮಾತು. "ಅಷ್ಟು ಮುಂದೆ ಕುಂತ್ಕೊಂಡ್ರೆ ಇನ್ನೇನಾಗತೈತಿ?"

ಅಯ್ಯೋ ಶಿವನೇ! ಪೆಡಲ್ ಅಲ್ಲಿದ್ದರೆ ನಾನು ಹಿಂದೆ ಕೂತು ಕೋಲಿನಿಂದ ಬ್ರೇಕ್ ಒತ್ತಲೇ? ಒಬ್ಬ ಮಹಾತಾಯಿ ಬಾಳೆಹಣ್ಣಿನ ಜೊತೆ ದಿಂಬೊಂದನ್ನೂ ತಂದಿದ್ದಳು, ಇನ್ನು ಮೇಲೆ ಬೆನ್ನಿಗೆ ಇಟ್ಟುಕೋ ಎಂದು. ಬೆನ್ನಿಗೆ ದಿಂಬು ಇಟ್ಟರೆ ಸ್ಟಿಯರಿಂಗಿಗೆ ಇನ್ನೂ ಹತ್ತಿರ ಹೋಗುತ್ತೇನಲ್ಲ ಎಂದು ಆಕೆಗೆ ಹೊಳೆಯಲೇ ಇಲ್ಲ.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾಗ ಮಗಳ ಫೋನಿನಲ್ಲಿ ಇದರ ಬಗ್ಗೆ ಓದುತ್ತಾ ಹೋದೆ. ಕಾರು ಮಾರಾಟಕ್ಕೆ ಬಿಡುವ ಮೊದಲು ಒಳಗೆ ಆಳೆತ್ತರದ ಗೊಂಬೆ ಕೂರಿಸಿ, ಎಲ್ಲೆಲ್ಲಿ ಪೆಟ್ಟಾಗುತ್ತದೆ ಎಂದು ಗುದ್ದಿಸಿ ನೋಡುತ್ತಾರಂತೆ. ಆ ಗೊಂಬೆ ಬಹಳ ಕಾಲದಿಂದ ಗಂಡಸಿನ ಅಳತೆಯದು. ಹೆಂಗಸಿನದು ಎನ್ನಿಸಿಕೊಂಡ ಗೊಂಬೆಯೂ ಹೆಚ್ಚಾಗಿ ಅದೇ ಗಂಡಸನ್ನು ಕುಗ್ಗಿಸಿ ಮಾಡಿದ್ದು. ಅದನ್ನೂ ಎಷ್ಟೋ ಸಲ ಡ್ರೈವರ್ ಸೀಟಿಗೆ ಹತ್ತಿಸುವುದಿಲ್ಲ, ಪಕ್ಕದಲ್ಲಿ ಕೂರಿಸುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನದು ಹೇಗೋ ಆಯಿತು. ಆದರೆ ಮಗಳಿಗೆ ಹದಿನೆಂಟು ತುಂಬಿದೆ, ಕಾರು ಕಲಿಯುತ್ತೇನೆ ಎಂದು ಕುಣಿಯುತ್ತಿದ್ದಾಳೆ. ನನ್ನದೇ ಎತ್ತರ, ನನ್ನವೇ ಗಿಡ್ಡ ಕಾಲು. ಅವಳು ಓಡಿಸುವ ಕಾರಿನಲ್ಲಿ ಅವಳಂಥವಳನ್ನು ಕೂರಿಸಿ ನೋಡಿದ್ದಾರೋ ಇಲ್ಲವೋ, ಅದು ಗೊತ್ತಾಗದೆ ಹೊಸ ಕಾರು ಬುಕ್ ಮಾಡಕೂಡದು ಎಂದು ಯಜಮಾನರಿಗೆ ಹೇಳಿದೆ. "ನಿಂದೊಂದು" ಎಂದರು.

ಕಳೆದ ಭಾನುವಾರ ಶೋರೂಮಿನವನು ಟೆಸ್ಟ್ ಡ್ರೈವ್ ಕಾರನ್ನು ಮನೆ ಬಾಗಿಲಿಗೇ ತಂದ. ಎಂಜಿನ್, ಮೈಲೇಜ್, ಸುರಕ್ಷತೆಯ ಐದು ಸ್ಟಾರ್ ಎಲ್ಲವನ್ನೂ ಯಜಮಾನರಿಗೆ ಹೇಳಿದ. ನನ್ನ ಕಡೆ ತಿರುಗಿ, ಬಿಸಿಲು ತಡೆಯುವ ಪಟ್ಟಿಯ ಹಿಂದಿದ್ದ ಕನ್ನಡಿ ತೋರಿಸಿದ.

"ಕನ್ನಡಿ ಮನೇಲಿ ಐತ್ರೀ" ಎಂದೆ. "ಗುದ್ದಿಸಿ ನೋಡುವಾಗ ಡ್ರೈವರ್ ಸೀಟಲ್ಲಿ ಕೂರ್ಸಿದ್ದ ಗೊಂಬೆ ಯಾರ ಅಳತೇದು? ಗಂಡಸಿಂದೋ, ಹೆಂಗಸಿಂದೋ?"

ಅವನು ನಕ್ಕುಬಿಟ್ಟ. "ಗೊಂಬೇಲಿ ಗಂಡು ಹೆಣ್ಣು ಎಲ್ಲಿ ಬಂತು ಮೇಡಂ! ಬೇಕಾದ್ರೆ ನಿಮಗೊಂದು ಕುಶನ್ ಫ್ರೀ ಕೊಡಸ್ತೀನಿ."

"ಸೊರಬದ ನಮ್ಮ ಟೈಲರ್ ಒಂದು ರವಿಕೆ ಹೊಲಿಯೋಕೂ ಅಳತೆ ಬ್ಲೌಸ್ ಕೊಡ್ರೀ ಅಂತಾನೆ. ಯಜಮಾನ್ರ ಅಂಗಿ ಕೊಟ್ಟರೆ ಮುಖದ ಮೇಲೆ ಎಸೀತಾನೆ. ಜೀವ ಉಳಿಸೋ ಸೀಟನ್ನ ನೀವು ಯಾರ ಅಂಗಿ ನೋಡಿ ಹೊಲಿದ್ರಿ?"

ಅವನು ಯಜಮಾನರ ಮುಖ ನೋಡಿದ. ಅವರು ನನ್ನತ್ತ, ಸಾಕು ಮಾಡು ಎಂದು ಕಣ್ಣುಬಿಟ್ಟರು.

ಅಷ್ಟರಲ್ಲಿ ಮಗಳು ಡ್ರೈವರ್ ಸೀಟಿಗೆ ಹತ್ತಿದ್ದಳು. ಸೀಟನ್ನು ಕಟಕಟ ಎಂದು ಮುಂದಕ್ಕೆ ಎಳೆದು, ಎದೆ ಸ್ಟಿಯರಿಂಗಿಗೆ ತಾಗುವಷ್ಟು ಹತ್ತಿರ ಕೂತಳು. ಬೆಲ್ಟ್ ಕುತ್ತಿಗೆಗೆ ಒತ್ತುತ್ತಿತ್ತು.

"ಏ, ಹಿಂದಕ್ಕೆ ಸರ್ಕೊಂಡು ಕುಂತ್ಕೋ" ಎಂದರು ಯಜಮಾನರು.

ಅವಳು ಹಿಂದಕ್ಕೆ ಸರಿದಳು. ಕಾಲು ಚಾಚಿದಳು. ಇನ್ನೂ ಚಾಚಿದಳು. "ಅಪ್ಪಾ, ಬ್ರೇಕ್ ಸಿಗವಲ್ದು."

ಅವರು ಬಗ್ಗಿ ಅವಳ ಕಾಲಿಗೂ ಪೆಡಲಿಗೂ ನಡುವಿನ ಅಂತರ ನೋಡಿದರು. ಆಮೇಲೆ ಶೋರೂಮಿನವನತ್ತ ತಿರುಗಿ, "ಅಲ್ರೀ, ಆ ಗೊಂಬೆ ಯಾರ ಅಳತೇದು?" ಎಂದು ಕೇಳಿದರು.

ಪಕ್ಕದಲ್ಲೇ ಕೂತು ನನ್ನ ಮೂಳೆ ಮುರಿದದ್ದನ್ನು ಕಂಡವರಿಗೆ ಈ ಪ್ರಶ್ನೆ ಬರಲು ಇಷ್ಟು ತಿಂಗಳು ಬೇಕಾಯಿತು. ಇನ್ನು ಆ ಶೋರೂಮಿನವನೋ! ಈಗ ಅವನಿಗೆ ನಗು ಬರಲಿಲ್ಲ. ಜೇಬಿನಿಂದ ಪೆನ್ನು ತೆಗೆದು, "ಒಳ್ಳೆ ಪ್ರಶ್ನೆ ಸರ್, ಕಂಪನಿಗೆ ಬರೆದು ಕೇಳ್ತೀನಿ ಸರ್, ನಿಮ್ಮ ಹೆಸರು ಹೇಳಿ" ಎಂದ.

"ನನ್ನ ಹೆಸರು ಬರ್ಕೊಳ್ರೀ" ಎಂದೆ. "ಕಾಲು ಮುರ್ಕೊಂಡಾಕಿ ನಾನು."