ಈಶ್ವರಯ್ಯ ಕಟ್ಟಿದ ನವಗ್ರಹ

ಹೊಳೆನರಸೀಪುರದ ಪೇಟೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಈಶ್ವರಯ್ಯನಿಗೆ ಒಂದೇ ಒಂದು ಚಟ: ಹೊಲಿಯುವ ಮುಂಚೆ ಓದಿಬಿಡುವುದು. ಲೋವರ್ ಸೆಕೆಂಡರಿಗೆ ನಿಂತ ಇಂಗ್ಲಿಷು, ಬೆರಳಿಟ್ಟುಕೊಂಡೇ ಓದಬೇಕು. ಆದರೂ ಬಿಡುತ್ತಿರಲಿಲ್ಲ.

೧೯೩೯ರಲ್ಲಿ ಅರಕಲಗೂಡಿನ ರಂಗಸ್ವಾಮಿ ಮೇಷ್ಟ್ರು, ಬೆಂಗಳೂರಿನ ದಂಡುಪ್ರದೇಶದಲ್ಲಿ ಸಿಕ್ಕ ಹಳೆಯ ಇಂಗ್ಲಿಷ್ ಮಾಸಪತ್ರಿಕೆಗಳ ಕಟ್ಟು ತಂದರು. ಎಲ್ಲವೂ ಆಕಾಶಕ್ಕೆ ಹಾರುವವರ ಕತೆ.

“ತಿಂಗಳ ವರಸೇಲಿ ಹೊಲೀರಿ. ಕೆಡಿಸಿದ್ರೋ, ಇನ್ನು ಸ್ಕೂಲಿನ ಒಂದು ಪುಸ್ತಕಾನೂ ನಿಮ್ ಕೈಗೆ ಬರಲ್ಲ!”

ಓದುತ್ತಾ ಹೋದಂತೆ ಈಶ್ವರಯ್ಯನಿಗೆ ಕಸಿವಿಸಿ. ಚಂದ್ರನ ಮೇಲೆ ಇಳಿದವರ ಪಕ್ಕದಲ್ಲೇ ಶನಿಯ ಉಂಗುರಕ್ಕೆ ಹೊರಟವರು! ಗುಡಿಯಲ್ಲಿ ಒಂದೊಂದು ಗ್ರಹಕ್ಕೂ ಒಂದೊಂದು ಜಾಗವಿರುವಾಗ ಇಲ್ಲೇಕೆ ಈ ಕಲಸುಮೇಲೋಗರ? ಪಿನ್ನು ಬಿಚ್ಚಿ, ಗ್ರಹಕ್ಕೊಂದು ಪುಸ್ತಕವೆಂದು ಕತೆಗಳನ್ನು ಗುಡ್ಡೆ ಹಾಕಿದ.

“ಏನಂದ್ರೆ, ಮೇಷ್ಟ್ರು ಯೋಳಿದ್ದು ತಿಂಗಳ ವರಸೆ ಅಲ್ವಾ?” ಎಂದಳು ಹೆಂಡತಿ ಗಂಗಾಂಬಿಕೆ.

“ತಿಂಗ್ಳು ಕ್ಯಾಲೆಂಡರಲ್ಲೈತೆ ಕಣೆ. ಕತೆ ಇರಾದು ಗ್ರಹದಲ್ಲಿ.”

ಆದರೆ ಹಾಳೆಯ ಈ ಬದಿಗೆ ಚಂದ್ರನ ಕತೆ ಮುಗಿದರೆ ಆ ಬದಿಗೆ ಮಂಗಳನದು ಶುರು. ಅಂಥ ಹಾಳೆಗಳನ್ನೆಲ್ಲ ಮೂರು ದಿನ ಕೂತು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿದ. ದಾರಿ ತಪ್ಪಿ ಯಾವ ಗ್ರಹಕ್ಕೂ ಸೇರದ ಆಕಾಶದ ಹಡಗುಗಳ ಕತೆಗಳು ರಾಹುವಿನ ಪಾಲಾದವು. ಕೇತುವಿಗೆ ಕತೆಯೇ ಉಳಿಯಲಿಲ್ಲ. ನವಗ್ರಹವೆಂದ ಮೇಲೆ ಎಂಟಕ್ಕೇ ನಿಲ್ಲಿಸಲಾದೀತೇ? ಕೇತುವಿನ ಹೆಸರಲ್ಲಿ ಬಿಳಿ ಹಾಳೆಗೇ ರಟ್ಟು ಕಟ್ಟಿದ.

ಮೇಷ್ಟ್ರು ಬಂದು ನೋಡಿ ಕೆಂಡವಾದರು. “ಏನ್ರೀ ಇದು? ನಾನು ಹೇಳಿದ್ದೇನು?”

ಸ್ಕೂಲಿನ ಕೆಲಸ ಹೋಯಿತೆಂದುಕೊಂಡೇ ಈಶ್ವರಯ್ಯ ಚಂದ್ರನ ಪುಸ್ತಕ ಮುಂದೆ ಚಾಚಿದ. “ಒಂದ್ಸಲ ತೆಗೆದಾದ್ರೂ ನೋಡಿ ಸಾ.”

ಮೇಷ್ಟ್ರು ಚಂದ್ರನನ್ನು ತೆರೆದರು. ನಿಂತೇ ಓದಿದರು, ಆಮೇಲೆ ಜಗಲಿಯ ಮೇಲೆ ಕೂತರು. ಅರಕಲಗೂಡಿನ ಬಸ್ಸು ಹಾರನ್ ಹೊಡೆದು ಹೊಡೆದು ಹೊರಟೇಹೋಯಿತು.

“ಒಬ್ಬ ಚಂದ್ರನ ಹತ್ರಕ್ಕೆ ಹನ್ನೊಂದು ಜನ ಹನ್ನೊಂದು ದಾರೀಲಿ ಹೋಗವ್ರಲ್ರೀ! ಬಿಡಿಬಿಡಿಯಾಗಿ ಓದ್ದಾಗ ನಂಗಿದು ಕಾಣ್ಲೇ ಇಲ್ಲ.” ತಲೆಯೆತ್ತಿ ನಕ್ಕರು. “ಸ್ಕೂಲಿನ ಪುಸ್ತಕ ಕಳಿಸ್ತೀನಿ. ಅವನ್ನ ಮಾತ್ರ ಗ್ರಹಕ್ಕೆ ಹಂಚ್ಬೇಡಿ ಮಾರಾಯ್ರೆ!”

ಎಂಟನ್ನು ಚೀಲಕ್ಕೆ ತುಂಬಿಕೊಂಡು ಕೇತುವನ್ನು ಈಶ್ವರಯ್ಯನ ಕೈಗೇ ಕೊಟ್ಟರು. “ಇದು ನಿಮ್ದು. ಖಾಲಿ ಬಿಡ್ಬೇಡಿ.”

ಮಹಾಯುದ್ಧ ಮುಗಿಯುವ ಹೊತ್ತಿಗೆ ಈಶ್ವರಯ್ಯನೇ ಬರೆದ ಕತೆಯಿಂದ ಕೇತು ತುಂಬಿತ್ತು, ಅಚ್ಚ ಕನ್ನಡದಲ್ಲಿ. ಹೇಮಾವತಿ ದಡದಿಂದ ಏರಿದ ಅದರ ಹಡಗಿಗೆ ದಪ್ಪ ರಟ್ಟಿನ ಗೋಡೆ, ಗೆದ್ದಲು ಹತ್ತದಂತೆ ಮೈಲುತುತ್ತ ಬೆರೆಸಿದ ಮೈದಾ ಅಂಟು.

“ಆಕಾಸ್ದಲ್ಲೂ ಗೆದ್ಲು ಹತ್ತುತ್ತಾ?” ಎಂದು ಗಂಗಾಂಬಿಕೆ ನಕ್ಕಳು.

“ಹತ್ತಿದ್ರೆ? ವಾಪಸ್ ಬರಾಕೆ ಹಡಗು ಬ್ಯಾಡ್ವೇನೆ!”