ಅವ್ವನ ಅರ್ಧ ತಾಸು

ಡೊಂಬಿವಲಿಯ ಹೆಂಗಸರು ಆಗೆಲ್ಲ ಲೋಕಲ್ ಟ್ರೇನಿನಲ್ಲೇ ರಾತ್ರಿಯ ಪಲ್ಯ ಹಸನು ಮಾಡಿಕೊಂಡು ಬರುತ್ತಿದ್ದರು. ನೀವೂ ಅಂಥ ತಾಯಂದಿರ ಮಕ್ಕಳಾಗಿದ್ದರೆ ಬಿಡಿಸಿ ಹೇಳಬೇಕಾಗಿಲ್ಲ. ಠಾಣೆಯಲ್ಲಿ ಸೀಟು ಹಿಡಿದು ಕೂತರೆ ಮುಂಬ್ರಾ ದಾಟುವಷ್ಟರಲ್ಲಿ ಒಂದು ಸೂಡು ಮೆಂತ್ಯ ಸೋಸಿ ಆಗಿರುತ್ತಿತ್ತು. ಅವ್ವನ ಬ್ಯಾಗು ತೆರೆದರೆ ಆ ಮೆಂತ್ಯದ ವಾಸನೆಯ ಜೊತೆಗೆ ಔಷಧಿಯ ಕಹಿ ಘಾಟೂ ಮೂಗಿಗೆ ಬಡಿಯುತ್ತಿತ್ತು. ಅವಳು ರಬಾಳೆಯ ಕಾರ್ಖಾನೆಯೊಂದರಲ್ಲಿ ಗುಳಿಗೆ ಪ್ಯಾಕ್ ಮಾಡುತ್ತಿದ್ದಳು.

ಆದರೆ ಟ್ರೇನಿನಲ್ಲಿ ಅವ್ವ ಒಂದು ಎಲೆಯನ್ನೂ ಮುಟ್ಟುತ್ತಿರಲಿಲ್ಲ. ಅವಳು ಕಥೆ ಹೇಳುತ್ತಿದ್ದಳು. ಹಿಂದಿನ ಸಂಜೆ ಮನೆಯಲ್ಲಿ ಓದಿದ ಕನ್ನಡ ಕಾದಂಬರಿಯನ್ನು ಅರ್ಧ ಮರಾಠಿ, ಅರ್ಧ ಹಿಂದಿ ಮಾಡಿ ಗೆಳತಿಯರಿಗೆ ಹೇಳುವುದು. ಅದಕ್ಕೆ ಬದಲಾಗಿ ಅವರು ಅವಳ ತರಕಾರಿ ಹಸನು ಮಾಡಿಕೊಡುವುದು. ರಜೆಯಲ್ಲಿ ಅವಳ ಜೊತೆ ಹೋದಾಗ ನಾನೇ ಕಂಡಿದ್ದೇನೆ. ಗೆಳತಿ ಕುಂದಾ ಮಾವಶಿ ಗೋರಿಕಾಯಿಯ ನಾರು ತೆಗೆಯುತ್ತ, “ಪುಢೆ ಕಾಯ್ ಝಾಲಂ, ಸಾಂಗ್ ನಾ” ಎಂದು ಪೀಡಿಸುತ್ತಿದ್ದಳು. ಅವ್ವ, “ಉದ್ಯಾ” ಅನ್ನುತ್ತಿದ್ದಳು. ನಾಳೆ ಅನ್ನದೆ ಇನ್ನೇನು ಮಾಡಿಯಾಳು, ಮುಂದೇನಾಯಿತೆಂದು ಅವಳೂ ಇನ್ನೂ ಓದಿರುತ್ತಿರಲಿಲ್ಲ.

ಹೀಗೆ ಉಳಿದ ಅರ್ಧ ತಾಸು ಅವ್ವನದು. ಮನೆಗೆ ಬಂದವಳೇ ಮುಖ ತೊಳೆದು, ಬೇಳೆ-ಅಕ್ಕಿ ಕುಕ್ಕರಿಗೆ ಹಾಕಿ, ಕನ್ನಡ ಸಂಘದ ಲೈಬ್ರರಿಯ ಪುಸ್ತಕ ಹಿಡಿದು ಕಿಟಕಿಯ ಬಳಿ ಕೂಡುತ್ತಿದ್ದಳು. “ಈಗ ನನ್ನ ಯಾರೂ ಕರೀಬ್ಯಾಡ್ರಿ. ಮನಿಗೆ ಬೆಂಕಿ ಬಿದ್ರ ಅಷ್ಟ ಕರೀರಿ” ಅನ್ನುತ್ತಿದ್ದಳು. ನಾನು ಓಣಿಯ ಹುಡುಗಿಯರೊಂದಿಗೆ ಜಿನ್ನೆಯ ಮೆಟ್ಟಿಲ ಮೇಲೆ ಗಜಗ ಆಡುತ್ತಿದ್ದೆ.

ನಾನು ಆರನೇ ಕ್ಲಾಸಿನಲ್ಲಿದ್ದ ಮಳೆಗಾಲಕ್ಕೆ ವಿಜಯಪುರದಿಂದ ಅಪ್ಪನ ಅಕ್ಕ ಬಂದಳು. ನಾಲ್ಕು ದಿನಕ್ಕೆಂದು ಬಂದ ಅತ್ತೆ ಗಣಪತಿ ಹಬ್ಬದವರೆಗೂ ಅಲುಗಲಿಲ್ಲ. ಪಲ್ಯದ ಗುಟ್ಟು ಅವಳಿಗೆ ಎರಡೇ ದಿನದಲ್ಲಿ ತಿಳಿಯಿತು.

“ರೈಲಿನ್ಯಾಗ ಯಾರ್ಯಾರೋ ಮುಟ್ಟಿದ್ದನ್ನ ನನ್ನ ತಮ್ಮಗ ತಿನ್ನಸಾಕತ್ತಿ ಏನವಾ?”

ಮರುದಿನ ಅವಳೇ ಪೇಟೆಗೆ ಹೋಗಿ ತರಕಾರಿ ತಂದಳು. ಪಲ್ಯ ಮಾಡಿ, ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ, ಅವ್ವ ನಾಚಿಕೆಯಿಂದ ಕುಗ್ಗುವುದನ್ನು ನೋಡಲು ಬಾಗಿಲಲ್ಲೇ ಕೂತಳು. ಅವ್ವ ಬಂದಳು. ಮುಚ್ಚಿಟ್ಟ ಪಾತ್ರೆಗಳನ್ನು ಒಂದೊಂದಾಗಿ ತೆರೆದು ನೋಡಿದಳು.

“ಭಾಳ ಚಲೋ ಆತ್ರಿ ಅಕ್ಕಾರ. ಇವತ್ತ ಒಂದು ತಾಸು ಓದ್ತೀನಿ.”

ಅಂದವಳೇ ಕೂತುಬಿಟ್ಟಳು. ನಗು ತಡೆಯಲಾಗದೆ ನಾನು ಜಿನ್ನೆಗೆ ಓಡಿದೆ. ಅತ್ತೆಯ ಕೈಯಡುಗೆ ಬಲು ರುಚಿ, ಅದನ್ನು ಮಾತ್ರ ಇಲ್ಲವೆನ್ನಲಾರೆ.

ಅತ್ತೆ ಸುಮ್ಮನಿರುವ ಪೈಕಿಯಲ್ಲ. ಅಷ್ಟರಲ್ಲಿ ನಾನು ಗಣಿತದಲ್ಲಿ ನಪಾಸಾಗಿ ಅವಳಿಗೆ ಹಬ್ಬ ಮಾಡಿಕೊಟ್ಟೆ. “ತಾಯಿ ಪುಸ್ತಕದಾಗ ಮುಖಾ ಹುಗದ ಕುಂತ್ರ ಮಗಳು ಇನ್ನೇನ್ ಆದಾಳು?” ಎಂದು ಅಪ್ಪನ ಮುಂದೆ ಶುರುಮಾಡಿದಳು. ರೈಲು ರಿಪೇರಿ ಮಾಡುವ ಕಳವಾ ಕಾರ್‌ಶೆಡ್ಡಿನಲ್ಲಿ ದಿನವಿಡೀ ಸುತ್ತಿಗೆಯ ಸದ್ದು ಕೇಳಿ ಬರುವ ಅಪ್ಪನಿಗೆ ಮನೆಯಲ್ಲಿ ಗದ್ದಲವಾಗದಿದ್ದರೆ ಸಾಕು. ಓದುತ್ತ ಕೂತಿದ್ದ ಅವ್ವನ ಎದುರು ನಿಂತು ಕೈ ಚಾಚಿದ.

“ಅಕ್ಕ ಇರೂತನಕ ಇದನ್ನ ಬಂದ್ ಮಾಡು. ತಾ ಇಲ್ಲಿ.”

ಅವ್ವ ಪುಸ್ತಕ ಕೊಟ್ಟುಬಿಟ್ಟರೆ ಅದು ಮತ್ತೆ ಅವಳ ಕೈಗೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ನಮ್ಮ ಚಾಳಿನಲ್ಲಿ ‘ಈಗಷ್ಟ ಬಿಡು’ ಎಂದು ಹಾಡು ಬಿಟ್ಟವರು, ಕಸೂತಿ ಬಿಟ್ಟವರು ಬಾಗಿಲಿಗೊಬ್ಬರಿದ್ದರು.

ಅವ್ವ ಪುಸ್ತಕ ಮುಚ್ಚಿ ಎದೆಗವಚಿಕೊಂಡಳು.

“ಫ್ಯಾಕ್ಟರಿಯೊಳಗ ನಾ ಸುಪರ್‌ವೈಜರ್ ಹೇಳಿದಾಂಗ ಕೇಳಾಕಿ. ಮನ್ಯಾಗ ನಿಮ್ಮೆಲ್ಲಾರ ಆಳು. ಈ ಅರ್ಧ ತಾಸು ನಾ ಯಾರ ಆಳೂ ಅಲ್ಲ. ಇದನ್ನ ಕೊಡೂದಿಲ್ಲ. ಮಗಳಿಗೆ ಗಣಿತಾ ಕಲಸಬೇಕಂದ್ರ ನೀವು ಕಲಸ್ರಿ. ನೀವೇನು ಸಾಲಿ ಕಲತಿಲ್ಲೇನು?”

ಅವಳ ಕಣ್ಣು ಕೆಳಗಿಳಿಯಲಿಲ್ಲ. ಅಪ್ಪ ಚಾಚಿದ ಕೈ ಹಿಂದೆಗೆದುಕೊಂಡ. ಆಮೇಲೆ ನನ್ನ ಕಡೆ ತಿರುಗಿ, “ಯಾವ ಲೆಕ್ಕಾ ಬರೂದಿಲ್ಲ, ತೋರಸು” ಎಂದು ನೆಲದ ಮೇಲೆ ಕೂತ. ಅತ್ತೆ ಊರಿಗೆ ಹೋಗುವ ತನಕ ಅವ್ವನ ಹತ್ತಿರ ಮಾತಾಡಲಿಲ್ಲ. ಅವ್ವನೂ ಅವಳನ್ನು ಒಲಿಸಿಕೊಳ್ಳಲು ಹೋಗಲಿಲ್ಲ.

ಅವ್ವ ಈಗಿಲ್ಲ. ನಾನು ಐರೋಲಿಯ ಆಫೀಸಿಗೆ ಹೋಗಿಬರುತ್ತೇನೆ. ಲೇಡೀಸ್ ಡಬ್ಬಿಯಲ್ಲಿ ಎಲ್ಲರ ಕಿವಿಗೂ ಏನಾದರೊಂದು ಸಿಕ್ಕಿಸಿದೆ. ನಾನು ಓದಿದ ಕಥೆ ಕೇಳುವವರು ಅಲ್ಲಿ ಒಬ್ಬರೂ ಇಲ್ಲ. ಮನೆಯಲ್ಲಿ ಮಗನಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು, ಉತ್ತರ ಕೊಡುವುದು ಹಿಂದಿಯಲ್ಲಿ. ಇದು ಸಣ್ಣ ನಷ್ಟವೆಂದು ನಾನು ಯಾರೆದುರೂ ನಟಿಸುವುದಿಲ್ಲ. “ನೌಕರಿ, ಮಗ, ಸಂಸಾರ... ಓದೋಕೆ ಟೈಮ್ ಹೇಗೆ ಸಿಗುತ್ತೆ?” ಎಂದು ಕೇಳುವವರಿಗೆ, ಸಿಗುವುದಿಲ್ಲ, ಕಸಿದುಕೊಳ್ಳುತ್ತೇನೆ ಎಂದು ಹೇಳುತ್ತೇನೆ.

ಮೊನ್ನೆ ಭಾನುವಾರ ಓದುತ್ತ ಕೂತಿದ್ದೆ. ಮಗ ನನ್ನ ಫೋನು ಹಿಡಿದು ಬಂದ.

“ಮಮ್ಮೀ, ಆಫೀಸ್ ಸೇ ಹೈ. ಕ್ಯಾ ಬೋಲೂಂ?”

“ಅವ್ವ ಓದಾಕತ್ತಾಳ ಅಂತ ಹೇಳು.”

“ಹಿಂದೀ ಮೇಂ?”

“ಕನ್ನಡದಾಗ.”

ಅವನು ತಲೆ ಕೆರೆದುಕೊಂಡ. ಹುಟ್ಟಿದಂದಿನಿಂದ ನನ್ನನ್ನು ಮಮ್ಮಿ ಎಂದವನು ಫೋನಿಗೆ ಬಾಯಿ ಹಚ್ಚಿ, ಒಂದೊಂದೇ ಅಕ್ಷರ ಹುಡುಕುತ್ತ, “ಅವ್ವ... ಓದಾಕತ್ತಾಳ” ಅಂದ.