ಕಾಲು ತೊಳೆದು ಒಳಗೆ ಬನ್ನಿ

ನಾನು ನರ್ಸು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಈ ಸೀಮೆಯಲ್ಲೇ ವರ್ಗವಾಗುತ್ತ ತಿರುಗಿದವಳು. ಈಗ ಹೇಳುವ ಸಂಗತಿ ಯಾವ ಊರಿನ ಆಸ್ಪತ್ರೆಯದು ಎಂದು ಹೇಳುವುದಿಲ್ಲ. ತಪ್ಪು ನನ್ನದು, ಊರಿನ ಹೆಸರು ಯಾಕೆ ಕೆಡಿಸಲಿ?

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುವುದು ಅಲ್ಲಿ ನನ್ನ ಪಾಲಿನ ಕೆಲಸ. ಈ ರೋಗಿಗಳ ಅಂಗಾಲು ಮರಗಟ್ಟಿರುತ್ತದೆ. ಕಲ್ಲು ಚುಚ್ಚಿದರೂ ತಿಳಿಯದು, ಮುಳ್ಳು ಮುರಿದರೂ ತಿಳಿಯದು. ಅದಕ್ಕೇ ಬರಿಗಾಲಲ್ಲಿ ನಡೆಯಬೇಡಿ, ಪಟ್ಟಿ ಒದ್ದೆ ಮಾಡಬೇಡಿ ಎಂದು ಹೇಳೀ ಹೇಳೀ ನನ್ನ ಗಂಟಲು ಒಣಗಿತ್ತು. ನನ್ನ ಬಾಯಿ ಮೊದಲೇ ಜೋರು.

ಹೆಚ್ಚು ಬೈಸಿಕೊಂಡವಳು ತೊರಗಲ್ ಕಡೆಯ ಒಬ್ಬ ನೇಕಾರ ಹೆಂಗಸು. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು, ಹಲಗೆ ತುಳಿದು ಸೀರೆ ನೇಯುವವಳು. ಮನೆಯ ರೊಟ್ಟಿ ಹುಟ್ಟುವುದು ಅವಳ ಪಾದಗಳಿಂದಲೇ. ಬಲಗಾಲಿನ ಕಿರುಬೆರಳ ಬುಡದಲ್ಲಿ ಹುಣ್ಣಾಗಿ ವಾರಕ್ಕೆರಡು ಸಲ ಬರುತ್ತಿದ್ದಳು. ಮಾಯುವುದಿರಲಿ, ಹುಣ್ಣು ಬೆಳೆಯುತ್ತಲೇ ಹೋಯಿತು. ಎಲುಬಿಗೆ ಇಳಿದರೆ ಪಾದವನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ಅವಳ ಎದುರೇ ಹೇಳಿಬಿಟ್ಟರು.

ಪ್ರತಿ ಸಲ ಬಂದಾಗಲೂ ಅವಳ ಪಟ್ಟಿ ಹಿಂಡಿದರೆ ನೀರು ಬರುವಷ್ಟು ತೊಯ್ದಿರುತ್ತಿತ್ತು. "ಮತ್ತ ಕೆಸರಾಗ ಇಳದೀರೇನ್ರಿ? ಕಾಲು ಬ್ಯಾಡಾಗೇತೇನ್ರಿ ನಿಮಗ?" ಎಂದು ನಾನು ಹರಿಹಾಯುತ್ತಿದ್ದೆ. "ತಪ್ಪಾತ್ರಿ ಅಕ್ಕಾರ" ಎನ್ನುತ್ತಿದ್ದಳು, ಅಷ್ಟೇ. ಮುಂದಿನ ಸಲ ಪಟ್ಟಿ ಇನ್ನಷ್ಟು ತೊಯ್ದಿರುತ್ತಿತ್ತು. ಹಟಮಾರಿ ಹೆಂಗಸು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಆ ದಿನಗಳಲ್ಲೇ ಹುಬ್ಬಳ್ಳಿ ಕಡೆಯಿಂದ ಒಬ್ಬ ಹುಡುಗಿ ಬಂದಳು. ಆಸ್ಪತ್ರೆಯ ಕುರ್ಚಿ, ಬಾಗಿಲು, ಸಾಲು, ಚೀಟಿ ಇವೆಲ್ಲ ರೋಗಿಗೂ ಸಿಬ್ಬಂದಿಗೂ ಹೊಂದುವಂತೆ ಇರಬೇಕೆಂದು ಓದಿದವಳಂತೆ. ಅದಕ್ಕೆ ವಿನ್ಯಾಸ ಎಂದು ಹೆಸರು. ನನಗೆ ನಗು ಬಂತು. ಹತ್ತಿಗೇ ಗತಿಯಿಲ್ಲದ ಕಡೆ ವಿನ್ಯಾಸವೇ? ಅವಳಾದರೋ ಮೂರು ದಿನ ರೋಗಿಗಳು ಕಾಯುತ್ತ ಕೂರುವ ಬಾಕಿನ ಮೇಲೆ ಅವರ ಮಾತು ಕೇಳುತ್ತ ಕುಳಿತಳು. ನಾಲ್ಕನೆಯ ದಿನ ನಾನೇ ರೇಗಿದೆ.

"ನೋಡೂದು ಮುಗೀಲಿಲ್ಲೇನವಾ?"

"ಒಳಗಿಂದು ನೋಡೇನಿ ಅಕ್ಕಾರ. ಇವರು ಬಸ್ ಇಳದು ಹೆಂಗ ಬರತಾರ ಅಂತ ನೋಡಬೇಕಾಗೇತಿ. ನಾಳೆ ನೀವೂ ಬರ್ರಿ."

ಹಾಳಾಗಲಿ, ಇವಳ ಕಾಟ ಒಮ್ಮೆ ಮುಗಿಯಲಿ ಎಂದು ಒಪ್ಪಿದೆ. ಮರುದಿನ ಗೇಟಿನ ಹತ್ತಿರದ ಬೇವಿನ ಮರದ ಕೆಳಗೆ ಇಬ್ಬರೂ ನಿಂತೆವು. ನೇಕಾರ ಹೆಂಗಸು ಬಸ್ಸಿಳಿದು ಬಂದಳು. ಕಾಲಲ್ಲಿ ಚಪ್ಪಲಿ ಇತ್ತು, ಪಟ್ಟಿ ಗರಿಗರಿ ಒಣಗಿತ್ತು. ಗೇಟು ದಾಟಿದವಳೇ ಚಪ್ಪಲಿ ಬಿಟ್ಟಳು. ಅಂಗಳದ ನಲ್ಲಿಗೆ ಹೋಗಿ, ಸೀರೆ ಎತ್ತಿ ಹಿಡಿದು, ಪಟ್ಟಿಯ ಸಮೇತ ಪಾದವನ್ನು ತಿಕ್ಕಿ ತಿಕ್ಕಿ ತೊಳೆದಳು. ಆಮೇಲೆ ಕಾದ ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು, ಉದ್ದನೆಯ ಪಡಸಾಲೆಯ ತುದಿಯಲ್ಲಿದ್ದ ನನ್ನ ಕೋಣೆಯ ಕಡೆಗೆ ಹೊರಟಳು.

ನಲ್ಲಿಯ ಮೇಲಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: "ಚಪ್ಪಲಿ ಹೊರಗೆ ಬಿಡಿ. ಕಾಲು ತೊಳೆದು ಒಳಗೆ ಬನ್ನಿ." ಮೇಲಿನವರು ಸ್ವಚ್ಛತೆ ನೋಡಲು ಬರುತ್ತಾರೆಂದು ಹಿಂದೊಮ್ಮೆ ಅದನ್ನು ಬರೆದವಳು ನಾನೇ. ಚಂದದ ಅಕ್ಷರ ಎಂದು ಹೊಗಳಿಸಿಕೊಂಡೂ ಇದ್ದೆ.

ಹುಡುಗಿ ಗೋಡೆಯ ಕಡೆ ಬೆರಳು ಮಾಡಲಿಲ್ಲ, ಯಾರು ಬರೆದದ್ದೆಂದು ಕೇಳಲೂ ಇಲ್ಲ. ಆ ದೊಡ್ಡತನಕ್ಕೆ ಇವತ್ತಿಗೂ ಅವಳನ್ನು ನೆನೆಯುತ್ತೇನೆ. ಇಷ್ಟೇ ಹೇಳಿದಳು: "ನೀವು ನೆಲದ ಮ್ಯಾಲೆ ಕುಂತು ಅವರ ಕಾಲು ತೊಡಿ ಮ್ಯಾಲೆ ಇಟ್ಕೊಂತೀರಿ. ಅವರಿಗೆ ನಾಚಿಕಿಲೆ ಜೀವ ಹಿಡಿಯಾಗತೈತ್ರಿ. ಒದ್ದಿ ಮಾಡಬಾರದು ಅನ್ನೂದು ಮನ್ಯಾಗಿನ ಮಾತು ಅಂತ ತಿಳದು, ಇಲ್ಲಿ ನಿಮ್ಮ ಕೈಗೆ ಹೊಲಸು ಹತ್ತಬಾರದಂತ ತೊಳಕೊಂತಾರ. ನೀವು ಬೈದಷ್ಟೂ, ಕಾಲು ಸ್ವಚ್ಛ ಆಗಿಲ್ಲಂತ ತಿಳಕೊಂಡು ಇನ್ನಷ್ಟು ತೊಳೀತಾರ."

ಅಂದೇ ಸುಣ್ಣ ತರಿಸಿ ಆ ಬರಹ ಅಳಿಸಿದೆ. ಅದರಿಂದ ಏನೂ ಆಗಲಿಲ್ಲ. ರೂಢಿಯಾದ ಕಾಲುಗಳು ಗೇಟಿನಲ್ಲೇ ಚಪ್ಪಲಿ ಬಿಡುತ್ತಿದ್ದವು, ನಲ್ಲಿಗೆ ಹೋಗುತ್ತಿದ್ದವು. ಚಪ್ಪಲಿ ಹಾಕಿಕೊಂಡೇ ಬನ್ನಿ ಎಂದರೆ ನಮ್ಮ ಆಯಾ ಸಿಡುಕಿದಳು: "ನಿಮಗೇನ್ರಿ, ಪಡಸಾಲಿ ತುಂಬಾ ಒರಸಾಕಿ ನಾನು!" ಅವಳ ಮಾತೂ ಸರಿಯೇ. ಹುಡುಗಿ ಆಯಾಳನ್ನೇ ಎದುರಿಗೆ ಕೂರಿಸಿಕೊಂಡು ಏನು ಮಾಡೋಣ ಎಂದು ಕೇಳಿದಳು. ಅಷ್ಟು ವರ್ಷದಲ್ಲಿ ಆಯಾಳನ್ನು ಹಾಗೆ ಯಾರೂ ಕೇಳಿರಲಿಲ್ಲ. ಅವಳು ತಡಮಾಡದೆ, ಗೇಟಿನ ಪಕ್ಕ ಹಳೆಯ ಸಾಮಾನು ತುಂಬಿದ್ದ ಕೋಣೆಗೆ ಪಟ್ಟಿ ಕಟ್ಟುವುದನ್ನು ತಂದುಬಿಡಿ, ಒರೆಸುವುದೂ ಅದೊಂದು ಕೋಣೆಯಷ್ಟೇ ಆಗುತ್ತದೆ ಎಂದಳು. ಡಾಕ್ಟರೂ ಹೂಂ ಎಂದರು. ಆಮೇಲೆ ಹದಿನೈದು ದಿನ ಆಯಾಳೇ ನಲ್ಲಿಯ ಹತ್ತಿರ ಸ್ಟೂಲು ಹಾಕಿಕೊಂಡು ಕುಳಿತಳು. ಚಪ್ಪಲಿ ಬಿಡಲು ಬಗ್ಗಿದವರನ್ನೆಲ್ಲ "ಹಾಕ್ಕೊಂಡ ನಡೀರಿ" ಎಂದು ಅಟ್ಟಿದಳು.

ನಾನು ನೆಲಕ್ಕೆ ಕೂರುವುದನ್ನೂ ತಪ್ಪಿಸಬೇಕಿತ್ತು. ಹುಡುಗಿ ಔಷಧಿಯ ಖಾಲಿ ರಟ್ಟಿನ ಡಬ್ಬಿಗಳನ್ನು ಅಂಟಿಸಿ, ರೋಗಿ ಮೇಲೆ ಕುಳಿತು ಕಾಲು ಚಾಚುವಂಥ ಒಂದು ಆಸರೆ ಮಾಡಿದಳು. ಕಾಲು ಜಾರಿತು. ಇನ್ನೊಂದು ಮಾಡಿದಳು. ಅದು ತೊಡೆಗೆ ಒತ್ತಿತು. ಮೂರನೆಯದನ್ನು ನೇಕಾರ ಹೆಂಗಸು ಕುಳಿತು ನೋಡಿ, ಮೊದಲ ಸಲ ನಮ್ಮೆದುರು ತಾನಾಗಿ ಮಾತಾಡಿದಳು: "ಹಿಮ್ಮಡ ಇಡೂದು ಇನ್ನ ನಾಕು ಬೆರಳು ಕೆಳಗ ಬರಲಿ. ಕಾಲು ಎಷ್ಟು ಬಗ್ಗಿದ್ರ ಜಡ ಆಗಂಗಿಲ್ಲ ಅನ್ನೂದು ಮಗ್ಗದಾಗ ಕುಂತಾವರಿಗೆ ಗೊತ್ತಿರತೈತ್ರಿ." ಬಡಿಗ ಅವಳು ಹೇಳಿದ ಅಳತೆಗೇ ಕಟ್ಟಿಗೆಯಲ್ಲಿ ಮಾಡಿಕೊಟ್ಟ. ನಾನು ಎದುರಿನ ಸ್ಟೂಲಿನ ಮೇಲೆ ಕುಳಿತೆ. ಸಂಜೆ ಮನೆಗೆ ಹೋದಾಗ, ದಿನಾ ನೋಯುತ್ತಿದ್ದ ಮೊಣಕಾಲು ನೋಯುತ್ತಿರಲಿಲ್ಲ. ನನ್ನ ನೋವನ್ನೂ ಯಾರೋ ಲೆಕ್ಕಕ್ಕೆ ಹಿಡಿದರಲ್ಲ ಎಂದು ಆ ದಿನ ಬಹಳ ಹಿತವೆನಿಸಿತು.

ಹೆಂಗಸಿನ ಕಿರುಬೆರಳನ್ನು ಉಳಿಸಲಾಗಲಿಲ್ಲ. ಅದನ್ನು ತೆಗೆದ ದಿನ ನನಗೆ ಅನ್ನ ಇಳಿಯಲಿಲ್ಲ. ಆದರೆ ಒಣಗಿದ ಪಟ್ಟಿಯ ಕೆಳಗೆ ಗಾಯ ಅಂಚಿನಿಂದ ಕೂಡುತ್ತ ಬಂತು. ಕಡೆಗೊಂದು ಮುಂಜಾನೆ ಡಾಕ್ಟರು ನೋಡಿ, ಪಾದಕ್ಕೆ ಇನ್ನು ಭಯವಿಲ್ಲ, ಮಗ್ಗಕ್ಕೆ ಕೂರಬಹುದು ಎಂದರು.

ಅವರು ಆಚೆ ಹೋದ ಮೇಲೆ ನಾನು ತಡೆದುಕೊಳ್ಳಲಾರದೆ ಹೇಳಿಬಿಟ್ಟೆ: "ಯವ್ವಾ, ಗ್ವಾಡಿ ಮ್ಯಾಲಿಂದು ಬರದಾಕಿ ನಾನ. ನಿನ್ನ ಬೆರಳು ಹೋಗಿದ್ದು ನನ್ನಿಂದ. ತಪ್ಪಾತು."

ಅವಳು ಸೆರಗು ಸರಿಪಡಿಸಿಕೊಂಡಳು. "ನಂಗ ಗೊತ್ತಿತ್ರಿ ಅಕ್ಕಾರ. ಚೀಟಿ ಮ್ಯಾಲೆ ನಿಮ್ಮ ಅಕ್ಷರ ನೋಡಿದ್ನಲ್ಲ. ನೀವು ಬರದದ್ದಂತನ ಒಂದು ದಿನಾನೂ ತಪ್ಪಿಸದ ತೊಳಕೊಂತಿದ್ನಿ."

ನನಗೆ ಅಳು ಬಂತು. ಅವಳೇ ನನ್ನ ಭುಜ ಸವರಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ನನ್ನನ್ನು ಅಷ್ಟೊಂದು ನಂಬಿದ್ದಳು, ಆ ನಂಬಿಕೆಯಿಂದಲೇ ಪಾದ ಕಳೆದುಕೊಳ್ಳುವುದರಲ್ಲಿದ್ದಳು. ಆ ಹುಡುಗಿ ಬಂದು ಬಾಕಿನ ಮೇಲೆ ಕೂರದೇ ಹೋಗಿದ್ದರೆ, ಇವಳ ಪಾದ ತೆಗೆದ ದಿನವೂ ನಾನು ಇವಳನ್ನೇ ಬೈಯುತ್ತಿದ್ದೆ.